ಹೆಸರು ಹೇಳದೆ ಒಳಗೆ ಬಂದವಳು

ಮದುವೆಯಾಗಿ ಮುರಗೋಡದಿಂದ ಬೈಲಹೊಂಗಲಕ್ಕೆ ಬಂದ ದಿನವೇ ನಾನೊಂದು ಭಾನಗಡಿ ಮಾಡಿದೆ. ಹೊಸ್ತಿಲ ಮೇಲೆ ಅಕ್ಕಿಯ ಸೇರು ಇಟ್ಟು, ನಾದಿನಿಯರು ಕೈ ಅಡ್ಡ ಹಿಡಿದು, "ಒಡಪ ಹಾಕಿ ಗಂಡನ ಹೆಸರ ಹೇಳು, ಒಳಗ ಬಿಡತೇವಿ" ಎಂದರು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬಾಯಿ ಬಿಟ್ಟು ಹೇಳುವಂತಿಲ್ಲ, ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳಿದರೆ ಮಾತ್ರ ದೋಷವಿಲ್ಲ. ಅವ್ವ ಬಾಯಿಪಾಠ ಮಾಡಿಸಿದ್ದ ಒಡಪು ಆ ಗಳಿಗೆಗೆ ಪೂರಾ ಮರೆತುಹೋಯಿತು. ನಿರಿಗೆ ಎತ್ತಿ ಹಿಡಿದು, ನಾದಿನಿಯರ ಕೈ ಕೆಳಗೆ ನುಸುಳಿ, ಸೀದಾ ಅಡುಗೆಮನೆಗೆ ಓಡಿದೆ.

ಎಲ್ಲರೂ ನಕ್ಕರು. ನಮ್ಮ ಮನೆಯವರು ಮಾತ್ರ ಮುಖ ಸಣ್ಣ ಮಾಡಿಕೊಂಡರು. ಅಂದಿನಿಂದ ಅವರದು ಒಂದೇ ರಾಗ.

"ತಿಕೀಟ ಇಲ್ಲದ ಒಳಗ ಬಂದಾಕಿ ನೀ. ನನ್ನ ಹೆಸರ ಯಾವಾಗ ಹೇಳ್ತಿ?"

"ಹೇಳೂದಿಲ್ಲ, ಹೋಗ್ರಿ."

ಹಟ ಅಂದರೆ ಹಟ ನನ್ನದು. ಆದರೆ ಅವರಿಗೆ ಅದು ಬರೀ ನಗೆಚಾಟಿಕೆಯಲ್ಲ, ಕೇಳಬೇಕೆಂಬ ಆಸೆ ನಿಜವಾಗಿ ಇತ್ತು ಎಂಬುದು ನನಗೆ ಗೊತ್ತಿತ್ತು.

ಹೊಟ್ಟೆಪಾಡಿಗೆ ಅವರು ಮದುವೆ ವಿಡಿಯೋ ತೆಗೆಯುತ್ತಿದ್ದರು. ಜೀವ ಇದ್ದದ್ದು ಹಾಡಿನಲ್ಲಿ. ಎಲ್ಲಿ ಹೋರಾಟದ ಮೆರವಣಿಗೆಯೋ ಅಲ್ಲಿ ದಪ್ಪು ಬಾರಿಸುತ್ತ ಎಲ್ಲರಿಗಿಂತ ಮುಂದೆ. ಹತ್ತಿ ಮಾರ್ಕೆಟ್ಟಿನ ಹಮಾಲರು ಹತ್ತಿ ತುಂಬಿದ ಅಂಡಿಗೆ ಎತ್ತುವಾಗ ಹಾಕುವ ಕೂಗೇ ಅವರ ಹಾಡಿನ ಧಾಟಿ. ಹುಬ್ಬಳ್ಳಿಯ ಆರ್ಕೆಸ್ಟ್ರಾದವರು ಕರೆದಾಗ, "ಬೈಲಹೊಂಗಲದ ಧೂಳ ಕುಡೀಲಿಲ್ಲಂದ್ರ ನನ್ನ ದನಿ ಏಳೂದಿಲ್ರಿ" ಎಂದು ಕಳಿಸಿಬಿಟ್ಟರು. ಹುಚ್ಚು ಮನುಷ್ಯ! ನನಗೆ ಆ ಹುಚ್ಚೇ ಇಷ್ಟವಾಗಿತ್ತು.

ನಮ್ಮ ಓಣಿಯ ನಳದಲ್ಲಿ ನೀರು ಬರದೆ ಬೇಸಿಗೆ ಮೇಲೆ ಬೇಸಿಗೆ ಕಳೆದಾಗ, ಅದರ ಮೇಲೆ ಸಿನಿಮಾ ಮಾಡುತ್ತೇನೆಂದು ಹೊರಟರು. ಕ್ಯಾಮೆರಾ ಕಂಡರೆ ಸಾಕು, ಹೆಂಗಸರೆಲ್ಲ ಸೆರಗು ಎಳೆದುಕೊಂಡು, ಕೊಡ ಎತ್ತಿಕೊಂಡು ಪರಾರಿ. ನಳದ ಮುಂದೆ ಜಗಳಕ್ಕೆ ನಿಂತರೆ ಓಣಿ ಹಾರಿಹೋಗುವಂತೆ ಬಯ್ಯುವವರಿಗೆ ಈಗ ನಾಲಗೆಯೇ ಇಲ್ಲ. ದಿನವೂ ಇವರು ಖಾಲಿ ಕ್ಯಾಸೆಟ್ ಹಿಡಿದು ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು. ಆ ಮುಖ ನೋಡಲಾರದೆ ನಾನೇ ಅಂದೆ:

"ಮಾತಾಡ್ರಿ ಅಂದ್ರ ಯಾರ ಮಾತಾಡ್ತಾರ? ಒಡಪ ಹಾಕ್ರಿ ಅನ್ರಿ."

ಒಡಪಿಗೆ ನಾಚುವವರು ಯಾರು! ಪಕ್ಕದ ಮನೆಯ ಅಜ್ಜಿಯೇ ಮೊದಲು ಸೊಂಟಕ್ಕೆ ಕೈಯಿಟ್ಟು ನಿಂತಳು:

"ಹಿತ್ತಾಳಿ ಕೊಡ ಥಳಥಳ, ಒಳಗ ನೀರಿಲ್ಲ ಒಂದ ಹನಿ;
ನಮ್ಮ ರಾಯರ ಹೆಸರ ಹೇಳತೇನಿ, ಕಿವಿ ಇದ್ರ ಕೇಳೋ ಮೆಂಬರ್ ಧಣಿ!"

ಸತ್ತು ಎಷ್ಟೋ ವರ್ಷವಾಗಿದ್ದ ಗಂಡನ ಹೆಸರನ್ನೂ ಜೋರಾಗಿ ಕೂಗಿದಳು. ಆಮೇಲೆ ಪಾಳಿಗಾಗಿ ಹೆಂಗಸರ ನಡುವೆ ಜಗಳವೇ ಹತ್ತಿತು. ಒಡಪು ಹಾಕದೆ ಉಳಿದವಳು ನಾನೊಬ್ಬಳೇ.

ಒಂದು ಸಂಜೆ ಕಟ್ಟೆಯ ಮೇಲೆ ಟಿವಿ ಇಟ್ಟು ಸಿನಿಮಾ ತೋರಿಸುವುದೆಂದಾಯಿತು. ಪುರಸಭೆಯಲ್ಲಿ ನಮ್ಮ ವಾರ್ಡಿನ ಮೆಂಬರನ್ನೂ ಕರೆದದ್ದಾಯಿತು. ಆದರೆ ಅಂದೇ ಬೆಳಿಗ್ಗೆ ರಾಮದುರ್ಗದ ನೇಕಾರರ ಮೆರವಣಿಗೆಗೆ ಹಾಡಲು ಹೋಗಿದ್ದ ಇವರನ್ನು, ಜೊತೆಗಿದ್ದವರ ಸಮೇತ, ಪೊಲೀಸರು ವ್ಯಾನು ಹತ್ತಿಸಿದ್ದರು. ನಾಳೆ ಬಿಡುತ್ತಾರೆಂದು ಫೋನು ಬಂತು. "ಅವರ ಬಂದಮ್ಯಾಲೆ ಹಾಕೂಣು ತಗೋ" ಎಂದರು ಕೆಲವರು. ನನಗೆ ಸಿಟ್ಟು ಬಂತು. ನಾನೇ ಕ್ಯಾಸೆಟ್ ತುರುಕಿದೆ.

ಓಣಿ ನಕ್ಕು ನಕ್ಕು ಸುಸ್ತಾಯಿತು. ಮೆಂಬರ್ ಎದ್ದು ನಿಂತು ಕೆಂಪಗಾಗಿ ಕೇಳಿದರು:

"ಯಾರ ತಗದದ್ದಿದು? ಹೆಸರ ಹೇಳ್ರಿ, ಹೆಸರ!"

ಇವರೋ ಮೊದಲೇ ಪೊಲೀಸರ ಹತ್ತಿರ ಕೂತಿರುವ ಮನುಷ್ಯ. ಹೆಸರು ಹೇಳಿದರೆ ಇನ್ನೇನಾಗುತ್ತದೋ ಎಂಬ ಹೆದರಿಕೆ ಎಲ್ಲರಿಗೂ. ಆದರೂ ನಾನು ಎದ್ದೆ.

"ನಳ ಬಂದ್ ಆದ್ರೂ ಇವರ ದನಿ ಬಂದ್ ಆಗೂದಿಲ್ಲ;
ನಾ ಇಂಥವರ ಹೇಂತಿ, ಯಾರಿಗೂ ಅಂಜೂದಿಲ್ಲ!"

'ಇಂಥವರ' ಎಂಬಲ್ಲಿ ಹೆಸರು ಹೇಳಿದ್ದೆ, ಇಲ್ಲಿ ಬರೆಯುವುದಿಲ್ಲ. ಓಣಿ ಶಿಳ್ಳೆ ಹಾಕಿತು. ಮೆಂಬರ್ ಚಪ್ಪಲಿ ಹುಡುಕುತ್ತ ಹೋದರು. ನೀರಿನ ಟ್ಯಾಂಕರು ಆ ವಾರವೇ ಬಂತು, ನಳಕ್ಕೆ ಮಾತ್ರ ಮತ್ತೊಂದು ಬೇಸಿಗೆ ಹಿಡಿಯಿತು.

ಸಿನಿಮಾ ತೋರಿಸಿದ ಮರುದಿನ ನಾನು ಬೋರ್‌ವೆಲ್ಲಿನಿಂದ ನೀರು ಹೊತ್ತು ಬರುವಷ್ಟರಲ್ಲಿ ಇವರು ಮನೆಗೆ ಬಂದಿದ್ದರು. ಓಣಿಯ ಹೆಂಗಸರು ಸುದ್ದಿ ಮುಟ್ಟಿಸದೆ ಬಿಡುತ್ತಾರೆಯೇ? ಹೆಗಲ ಮೇಲೆ ಕ್ಯಾಮೆರಾ, ಬಾಗಿಲಿಗೆ ಅಡ್ಡ ಕೈ.

"ಊರಿಗೆಲ್ಲಾ ಹೇಳಿದಿ, ನನಗ ಹೇಳಲಿಲ್ಲ. ಹೆಸರ ಹೇಳು, ಒಳಗ ಬಿಡತೇನಿ."

"ಮೊದಲ ಕ್ಯಾಮೆರಾ ಕೆಳಗ ಇಡ್ರಿ."

ಇಟ್ಟರು. ಕೊಡ ಸೊಂಟದ ಮೇಲಿದ್ದಂತೆಯೇ, ಅವರಿಗಷ್ಟೇ ಕೇಳುವಂತೆ ಒಡಪು ಹೇಳಿದೆ. ಸಾವಿರ ಜನರ ಮುಂದೆ ಹಾಡುವವರು ತೋಳಿನಿಂದ ಕಣ್ಣು ಒರೆಸಿಕೊಂಡು, ಬಾಗಿಲಿಗೆ ಅಡ್ಡ ಇಟ್ಟ ಕೈ ಮಾತ್ರ ತೆಗೆಯದೆ ಅಂದರು:

"ಪ್ರಾಸ ತಪ್ಪೇತಿ. ಮತ್ತೊಮ್ಮೆ ಹೇಳು."

ಪ್ರಾಸ ತಪ್ಪಿರಲಿಲ್ಲ. ಕೊಡ ಭಾರವಾಗಿತ್ತು. ಆದರೂ ಮತ್ತೊಮ್ಮೆ ಹೇಳಿದೆ.