ನೀಲಮ್ಮತ್ತೆಯ ಉಡಿ

ಉಡಿಗೆ ಬಂದ ಮಗುವನ್ನು ನೀಲಮ್ಮತ್ತೆ ಒಲ್ಲೆ ಅಂದಳು, ಅವಳದು ಕಲ್ಲುಮನಸ್ಸು. ನಮ್ಮ ಬಳಗದಲ್ಲಿ ಎಲ್ಲರೂ ಹೇಳುವುದು ಇಷ್ಟೇ. ಹೇಳುವಾಗ ದನಿ ತಗ್ಗಿಸುತ್ತಾರೆ, ಕೊನೆಗೊಂದು ನಿಟ್ಟುಸಿರು ಸೇರಿಸುತ್ತಾರೆ. ನಿಟ್ಟುಸಿರು ಸಾಕ್ಷಿಯಲ್ಲ ಎಂದು ನಾನು ವಾದಿಸುತ್ತಲೇ ಬಂದಿದ್ದೇನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸ್ಟೀಲ್ ಲೋಟ ಗೆದ್ದವನು ನಾನು. ಆ ಲೋಟಗಳಲ್ಲಿ ಮನೆಯವರು ನೀರು ಕುಡಿಯುತ್ತಾರೆ. ವಾದವನ್ನು ಮಾತ್ರ ಯಾರೂ ಕೇಳುವುದಿಲ್ಲ.

ಮೊನ್ನೆ ಕೊಟ್ಟೂರಿನ ಮನೆಯ ಕಟ್ಟೆಯ ಮೇಲೆ ಕೂತು ಅಣ್ಣ ವಾರಪತ್ರಿಕೆಯೊಂದನ್ನು ಗಟ್ಟಿಯಾಗಿ ಓದುತ್ತಿದ್ದ. ಯುರೋಪಿನಲ್ಲಿ ಜನ ಕಾರು ತೆಗೆದುಕೊಂಡು ಅವಸರವಿಲ್ಲದೆ ಹಳ್ಳಿಗಾಡು ಸುತ್ತುತ್ತಾರಂತೆ. ಕತ್ತಲಾದರೆ ರೈತರ ತೋಟದಲ್ಲೇ ಉಳಿದು, ಬೆಳಿಗ್ಗೆ ಅಲ್ಲೇ ಕರೆದ ಹಾಲು ಕುಡಿದು ಮುಂದಿನ ಊರಿಗೆ ಹೊರಡುತ್ತಾರಂತೆ. ಅಣ್ಣ ಪತ್ರಿಕೆ ಮಡಚಿದ. “ಇದನ್ನ ನಮ್ಮ ತಿಪ್ಪಣ್ಣ ಮಾವ ಯಾವಾಗೋ ಮಾಡ್ಯಾನ ಬಿಡಪ. ಪಾಪ, ಹೆಂಡ್ತಿ ಸಲುವಾಗಿ.”

ಆ ‘ಪಾಪ’ ನನ್ನನ್ನು ಕೆಣಕಿತು.

ತಿಪ್ಪಣ್ಣ ಮಾವ ನೀಲಮ್ಮತ್ತೆಯ ಗಂಡ. ಮದುವೆಯಾಗಿ ಬಹಳ ವರ್ಷವಾದರೂ ಅವರಿಗೆ ಮಕ್ಕಳಿರಲಿಲ್ಲ. ಎಪ್ಪತ್ತರ ದಶಕದ ಕೊನೆ. ನಾನು ಆಗಷ್ಟೇ ಕಾಲೇಜು ಸೇರಿದ್ದೆ. ಆ ವರ್ಷ ಸುಗ್ಗಿ ಮುಗಿದ ಮೇಲೆ ಮಾವ ಹಳೆಯ ಜೀಪೊಂದನ್ನು ಕೊಂಡ. ಅದಕ್ಕೆ ಜೀವ ಕೊಟ್ಟ ಮೆಕ್ಯಾನಿಕ್ ಖಾಜಾಸಾಬ್, “ಓಡಸಬ್ಯಾಡ್ರಿ ಗೌಡ್ರ, ನಡಸ್ರಿ” ಎಂದು ಕೈಮುಗಿದಿದ್ದ. ಹಾಗಾಗಿ ನಿಧಾನವೆನ್ನುವುದು ನಮ್ಮ ಅಭಿರುಚಿಯಾಗಿರಲಿಲ್ಲ, ಜೀಪಿನ ಷರತ್ತಾಗಿತ್ತು. ನಾಕು ಮಂದಿಯ ಹೊಲ ತೋಟ ನೋಡಿ ಬರೋಣ, ಬೇಸರ ಕಳೆಯುತ್ತದೆ ಎಂದು ಮಾವ ಅತ್ತೆಯನ್ನು ಹತ್ತಿಸಿಕೊಂಡ. ಹಿಂದಿನ ಸೀಟಿಗೆ ನಾನು.

ಮೊದಲು ಕೂಡ್ಲಿಗಿ ಕಡೆಯ ಶೇಂಗಾ ಹೊಲ, ಆಮೇಲೆ ಹಗರಿಬೊಮ್ಮನಹಳ್ಳಿಯ ಹತ್ತಿರ ಸ್ನೇಹಿತರೊಬ್ಬರ ತೋಟ. ಹೋದಲ್ಲೆಲ್ಲ ರೊಟ್ಟಿ, ಗುರೆಳ್ಳು ಪುಡಿ, ಗಟ್ಟಿ ಮೊಸರು. ಹೊರಡುವಾಗ ಅತ್ತೆಗೆ ಉಡಿ ತುಂಬುತ್ತಿದ್ದರು. ಮುತ್ತೈದೆಯನ್ನು ಬರಿಗೈಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ; ಅವಳು ಸೆರಗೊಡ್ಡಬೇಕು, ಮನೆಯಾಕೆ ಅದಕ್ಕೆ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಬಟ್ಟೆ ಹಾಕಬೇಕು. ಉಡಿಗೆ ಬಿದ್ದದ್ದನ್ನು ಒಲ್ಲೆ ಎನ್ನುವಂತಿಲ್ಲ. ಹೀಗಾಗಿ ನನ್ನ ಸೀಟಿನಲ್ಲಿ ನನಗಿಂತ ಕೊಬ್ಬರಿಗೇ ಹೆಚ್ಚು ಜಾಗವಾಯಿತು.

ಅತ್ತೆ ಅಷ್ಟು ಗೆಲುವಾಗಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ದಿಬ್ಬ ಬಂದು ಜೀಪು ಏದುಸಿರು ಬಿಡತೊಡಗಿದರೆ ಇಳಿದು ನಡೆದುಬಿಡುವಳು. “ನಾ ಮುಂದ ಹೋಗಿ ಅನ್ನಕ್ಕಿಟ್ಟಿರ್ತೀನಿ, ನೀವು ಸಾವಕಾಶ ಬರ್ರಿ” ಎಂದು ಮಾವನನ್ನು ಹಂಗಿಸುವಳು. ಮಾವನೂ ನಗುವನು. ಆದರೆ ಹೊಲ ನೋಡಲು ಬಂದವನು ಹೊಲ ನೋಡುತ್ತಿರಲಿಲ್ಲ. ಹೋದ ಮನೆಗಳಲ್ಲಿ ಸಣ್ಣ ಮಕ್ಕಳನ್ನು ಎತ್ತಿಕೊಂಡು, ಯಾರ ಮಗ, ಎಷ್ಟನೆಯವನು ಎಂದು ವಿಚಾರಿಸುತ್ತಿದ್ದ. ಮಕ್ಕಳಿಲ್ಲದವನ ಅಕ್ಕರೆ ಅಂದುಕೊಂಡೆ. ಎದುರಾಳಿಯ ಒಂದೊಂದು ಪದವನ್ನೂ ಹಿಡಿಯಬಲ್ಲವನಿಗೆ ಎದುರಿಗಿದ್ದವನ ಉದ್ದೇಶ ಹಿಡಿಯಲಾಗಲಿಲ್ಲ.

ಹೂವಿನಹಡಗಲಿಯಲ್ಲಿ ಮಾವನ ದಾಯಾದಿ ಅಣ್ಣನ ಮಲ್ಲಿಗೆ ತೋಟದಲ್ಲಿ ಉಳಿದೆವು. ಮರುದಿನ ಬೆಳಿಗ್ಗೆ ಹೊರಡುವ ಹೊತ್ತಿಗೆ ಆ ಮನೆಯ ಹಿರಿಯಳು ಪಾರವ್ವ ಕಂಬಳಿ ಹಾಸಿ ಅತ್ತೆಯನ್ನು ಕೂರಿಸಿದಳು. ಅತ್ತೆ ಸೆರಗೊಡ್ಡಿದಳು. ಅಕ್ಕಿ ಬಿತ್ತು, ಕೊಬ್ಬರಿ ಬಿತ್ತು. ಆಮೇಲೆ ಪಾರವ್ವ ಪಕ್ಕದಲ್ಲಿದ್ದ ಸೊಸೆ ಗೌರಿಯ ತೋಳಿನಿಂದ ಅವಳ ಕಿರಿಯ ಮಗುವನ್ನು ಎತ್ತಿ ಆ ಅಕ್ಕಿಯ ಮೇಲೆ ಕೂರಿಸಿದಳು.

“ಇವತ್ತಿಂದ ಇಂವ ನಿನ್ನ ಮಗ, ನೀಲವ್ವ. ತಿಪ್ಪಣ್ಣ ಎಲ್ಲಾ ಮಾತಾಡ್ಯಾನ.”

ಮಾವ ಕಂಬಕ್ಕೆ ಒರಗಿ ನಿಂತಿದ್ದ. ಅವನ ಕಣ್ಣು ತುಂಬಿತ್ತು. ಅದು ನಾಟಕವಲ್ಲ ಎಂದು ನಾನೂ ಒಪ್ಪುತ್ತೇನೆ. ಉಡಿಗೆ ಬಂದದ್ದನ್ನು ಇವಳು ಹೇಗೆ ಬೇಡವೆಂದಾಳು ಎಂಬ ಧೈರ್ಯ ಅವನದು.

ಅತ್ತೆಯ ಕೈ ತಾನಾಗಿ ಮಗುವಿನ ಬೆನ್ನಿಗೆ ಹೋಯಿತು. ಮಗು ಅವಳ ತಾಳಿಸರ ಹಿಡಿದೆಳೆಯಿತು. ಅವಳು ಅದರ ನೆತ್ತಿಗೆ ಮೂಗು ಹಚ್ಚಿ ಒಂದು ಗಳಿಗೆ ಹಾಗೇ ಇದ್ದಳು. ಕಲ್ಲುಮನಸ್ಸು ಎನ್ನುವವರು ಇದನ್ನು ಕಂಡಿಲ್ಲ. ಬಳಿಕ ತಲೆಯೆತ್ತಿ ಗೌರಿಯನ್ನು ನೋಡಿದಳು. ಗೌರಿಯ ತೋಳುಗಳು ಇನ್ನೂ ಮಗುವನ್ನು ಹೊತ್ತಂತೆಯೇ ಮಡಚಿಕೊಂಡಿದ್ದವು.

“ನನ್ನ ಕೇಳಲಿಲ್ಲ, ಆತು. ನಿನ್ನರ ಕೇಳ್ಯಾರೇನವ್ವ?”

ಗೌರಿ ಪಾರವ್ವನ ಮುಖ ನೋಡಿದಳು. ಅತ್ತೆ ಒಂದು ಕೈಯಲ್ಲಿ ಸೆರಗು ಹಿಡಿದು, ಇನ್ನೊಂದರಲ್ಲಿ ಮಗುವನ್ನೆತ್ತಿಕೊಂಡು ಎದ್ದಳು. ಮಗುವನ್ನು ಆ ಮಡಚಿದ ತೋಳುಗಳಿಗೆ ಕೊಟ್ಟಳು. ಅಕ್ಕಿ ಕೊಬ್ಬರಿಯನ್ನು ಒಂದು ಕಾಳೂ ಚೆಲ್ಲದಂತೆ ಕಟ್ಟಿಕೊಂಡು ಜೀಪು ಹತ್ತಿದಳು.

ಹರಪನಹಳ್ಳಿ ದಾಟಿದೆವು. ದಿಬ್ಬ ಬಂದರೂ ಅತ್ತೆ ಇಳಿಯಲಿಲ್ಲ. ಚಿಗಟೇರಿಯ ಹತ್ತಿರ ಮಾವ, “ನಿನ್ನ ಸಲುವಾಗೇ ಮಾಡಿದ್ನಲ್ಲ” ಎಂದ.

“ಹೊಲ ನೋಡಾಕಂತ ಕರಕೊಂಡು ಬಂದ್ರಿ,” ಎಂದಳು ಅತ್ತೆ. “ನಾ ಹೊಲಾನ ನೋಡಿದೆ.”

ಆಮೇಲೆ ಅವಳು ಆ ಜೀಪಿಗೆ ಕಾಲಿಡಲಿಲ್ಲ.

ಇದನ್ನೆಲ್ಲ ಕಟ್ಟೆಯ ಮೇಲೆ ನಿಂತು, ಪರವಾದ ಅಂಶಗಳನ್ನು ಬೆರಳು ಮಡಚುತ್ತ ಅಣ್ಣನ ಮುಂದಿಟ್ಟೆ. ಅವನು ಪೂರ್ತಿ ಕೇಳಿಸಿಕೊಂಡು, “ಎಲ್ಲಾ ಖರೆ ಲೇ. ಅತ್ತಿ ಏನಂತಾಳ?” ಎಂದ.

ಇಷ್ಟು ವರ್ಷ ಮನೆ ಮನೆಗಳಲ್ಲಿ ಅವಳ ಪರ ಮಾತಾಡಿದ್ದೇನೆ. ಮಾತಾಡು ಎಂದು ಅವಳು ಎಂದೂ ಹೇಳಿರಲಿಲ್ಲ.

ಸಂಜೆ ಅವಳ ಮನೆಗೆ ಹೋದೆ. ಮಾವ ಹೊರಗೆ ಹೋಗಿದ್ದ. ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಎದುರಿಗೆ ಕೂತು ನಾನೂ ಕಲ್ಲು ಆರಿಸತೊಡಗಿದೆ. ಪರವೂ ವಿರೋಧವೂ ಇಲ್ಲದ ಮಾತನ್ನಾಡಲು ನನಗೆ ಅಭ್ಯಾಸವಿಲ್ಲ, ಆದರೂ ಕೇಳಿದೆ.

“ಅತ್ತಿ, ಆ ಕೂಸಿನ ಬಗ್ಗೆ ಮುಂಚೇನ ನಿನ್ನ ಒಂದು ಮಾತು ಕೇಳಿದ್ರ, ಹೂಂ ಅಂತಿದ್ದೇನು?”