ಡೆನ್ ಹಾಗ್‌ನ ಚಹಾ ಅಂಗಡಿಗೆ ಅವ್ವನ ಜೊತೆ

ಶನಿವಾರ ಬೆಳಿಗ್ಗೆ ಎಂಟೂವರೆಗೆ ನಾನೂ ಅವ್ವನೂ ಎನ್ಸ್‌ಕೆಡೆಯಲ್ಲಿ ರೈಲು ಹತ್ತಿದೆವು. ಅಕ್ಟೋಬರ್ ಕೊನೆ. ಜಿನುಗು ಮಳೆ, ಅದನ್ನು ಅಡ್ಡಡ್ಡ ತೂರುವ ಗಾಳಿ. ಅವ್ವ ಇಳಕಲ್ ಸೀರೆಯ ಮೇಲೆ ನನ್ನ ಹಳೆಯ ಜಾಕೆಟ್ ತೊಟ್ಟು, ಕಾಲಿಗೆ ಬೂಟು ಹಾಕಿದ್ದಳು. ಡೆನ್ ಹಾಗ್‌ಗೆ ಸುಮಾರು ಎರಡೂವರೆ ಗಂಟೆಯ ದಾರಿ. ಟಿಕೆಟ್ಟಿಗೆ ತಲಾ ಮೂವತ್ತು ಯೂರೋ ಹತ್ತಿರ. ಈ ಡಚ್ ದೇಶದ ಪೂರ್ವದ ಅಂಚಿನಿಂದ ಸಮುದ್ರದ ಅಂಚಿಗೆ ಅಷ್ಟರಲ್ಲಿ ಮುಟ್ಟಬಹುದು.

ಧಾರವಾಡದಿಂದ ಮೂರು ತಿಂಗಳ ವೀಸಾದ ಮೇಲೆ ಬಂದಿದ್ದ ಅವ್ವ ಇಲ್ಲಿ ಯಾವ ಊರನ್ನೂ ತೋರಿಸೆಂದು ಕೇಳಿರಲಿಲ್ಲ. ಬಂದ ಮರುದಿನವೇ ಹೇಳಿದ್ದು ಒಂದೇ ಮಾತು: "ಸುಮಾ, ನಿಮ್ಮಪ್ಪ ಹೋದಾಗ ನಿನಗ ಉಣ್ಣಾಕ ಹಾಕಿದ ಹುಡುಗಿ ಅದಾಳಲ್ಲ, ಆಕಿನ್ನ ನಾ ಒಮ್ಮೆ ನೋಡಬೇಕು."

ಆ ಹುಡುಗಿಯ ಹೆಸರು ಶು-ಫೆನ್. ತೈವಾನಿನವಳು. ವಾಗೆನಿಂಗನ್‌ನಲ್ಲಿ ನಾನು ಓದುತ್ತಿದ್ದಾಗ ಒಂದೇ ಮಹಡಿಯಲ್ಲಿ ನಮ್ಮಿಬ್ಬರ ಕೋಣೆ, ಇಬ್ಬರಿಗೂ ಒಂದೇ ಅಡುಗೆಮನೆ. ಕೊರೊನಾದಿಂದ ವಿಮಾನಗಳು ನಿಂತುಹೋದ ಆ ವರ್ಷವೇ ಅಪ್ಪ ತೀರಿಕೊಂಡ. ನಾನು ಹೋಗಲಾಗಲಿಲ್ಲ. ಅಪ್ಪನನ್ನು ಮಣ್ಣು ಮಾಡಿದ್ದನ್ನು ಫೋನಿನ ಪರದೆಯಲ್ಲಿ ನೋಡಿದೆ. ಆಮೇಲಿನ ದಿನಗಳಲ್ಲಿ ನನಗೆ ಉಣಿಸಿದವಳು ಶು-ಫೆನ್. ಓದು ಮುಗಿದ ಮೇಲೆ ನಾನು ಕೆಲಸ ಹಿಡಿದು ಎನ್ಸ್‌ಕೆಡೆಗೆ ಬಂದೆ, ಅವಳು ಡೆನ್ ಹಾಗ್‌ನಲ್ಲಿ ಪುಟ್ಟ ಚಹಾ ಹೋಟೆಲು ತೆರೆದಳು. ಮೊದಮೊದಲು ವಾರಕ್ಕೊಮ್ಮೆ ಮಾತು, ಆಮೇಲೆ ಹಬ್ಬಕ್ಕೊಂದು ಸಂದೇಶ. ಕೊನೆಗೆ ಅದೂ ಇಲ್ಲ. ಜಗಳವೇನೂ ಆಗಿರಲಿಲ್ಲ. ಎರಡು ವರ್ಷ ನಾನೇ ಸುಮ್ಮನಿದ್ದೆ, ಅಷ್ಟೆ. ಅವ್ವ ಬರುತ್ತಾಳೆಂದು ಬರೆದಾಗ ಅವಳಿಂದ ಬಂದದ್ದು ಒಂದೇ ಸಾಲು: "ಬೆಳಿಗ್ಗೆ ಏನೂ ತಿನ್ನದೆ ಬನ್ನಿ."

ರೈಲಿನಲ್ಲಿ ಅವ್ವನಿಗೆ ಒಂದೇ ಚಿಂತೆ. "ಮಾಂಸ ಬೇಸಿದ ಭಾಂಡೆದಾಗ ನಮಗೂ ಬೇಸ್ತಾಳೇನು? ನಾ ಬರೇ ಚಹಾ ಕುಡಿತೀನಿ. ಆಕಿಗೆ ಬ್ಯಾಸರ ಆಗಬಾರದು, ನೋಡು." ಡೇವೆಂಟರ್ ಹತ್ತಿರ ತುಂಬಿ ಹರಿಯುವ ನದಿ ದಾಟಿದೆವು. ಉಟ್ರೆಕ್ಟ್ ಬರುವಷ್ಟರಲ್ಲಿ ಅವಳು ಇದನ್ನೇ ಮೂರು ಸಲ ಹೇಳಿದ್ದಳು.

ಡೆನ್ ಹಾಗ್‌ನಲ್ಲಿ ಇಳಿದು ಟ್ರಾಮ್ ಹಿಡಿದೆವು. ಊರು ಮುಗಿದು ರೈಸ್‌ವೈಕ್ ಶುರುವಾಗುವ ಕಡೆ, ಸೈಕಲ್ ರಿಪೇರಿ ಅಂಗಡಿಯ ಪಕ್ಕದಲ್ಲಿ ಶು-ಫೆನ್‌ಳ ಹೋಟೆಲು. ಏಳೇ ಮೇಜು. ಬಾಗಿಲು ತೆಗೆದರೆ ಹುರಿದ ಚಹಾ ಎಲೆಯ ವಾಸನೆ. ಅವಳು ಅಡುಗೆಮನೆಯಿಂದ ಓಡಿ ಬಂದಳು. ಕೂದಲು ಕತ್ತರಿಸಿಕೊಂಡಿದ್ದಳು, ಸೊರಗಿದ್ದಳು. ನನ್ನನ್ನು ಅಪ್ಪಿಕೊಂಡು, ಅವ್ವನ ಮುಂದೆ ತಲೆ ಬಾಗಿಸಿ ನಿಂತಳು. ಅವ್ವ ಎರಡೂ ಕೈಯಿಂದ ಅವಳ ಮುಖ ಸವರಿ ನೆಟಿಗೆ ಮುರಿದಳು.

ಮೊದಲು ಚಹಾ. ಅಂಗೈಯಲ್ಲಿ ಹಿಡಿಯುವಷ್ಟು ಮಣ್ಣಿನ ಗಿಂಡಿ, ಅದರಲ್ಲಿ ಗುಂಡಗೆ ಸುರುಳಿ ಸುತ್ತಿದ ಊಲಾಂಗ್ ಎಲೆ. ಕುದಿನೀರು ಹಾಕಿ ಮೊದಲ ಸಲದ ಚಹಾವನ್ನು ಅವಳು ಗಿಂಡಿಯ ಮೇಲೆಯೇ ಸುರಿದುಬಿಟ್ಟಳು. ಅವ್ವ ಗಾಬರಿಯಾದಳು. "ಅಯ್ಯ, ಚೆಲ್ಲಿದಳಲ್ಲ!" ಎಲೆ ತೊಳೆಯಲಿಕ್ಕೆಂದು ನಾನು ಹೇಳಿದೆ. ಎರಡನೆಯದನ್ನು ಅವ್ವ ಗುಟುಕು ಗುಟುಕಾಗಿ ಕುಡಿದು ಯೋಚಿಸಿದಳು. "ಹಾಲಿಲ್ಲ, ಸಕ್ಕರಿ ಇಲ್ಲ. ನುಂಗಿದ ಮ್ಯಾಲೆ ಬಾಯಾಗ ಸಿಹಿ ಬರ್ತದ." ಶು-ಫೆನ್‌ಗೆ ಹೇಳಿದಾಗ ಅವಳು ನಕ್ಕಳು. ಮೊದಲ ದಿನವೇ ಅದನ್ನು ಗುರುತಿಸುವ ಗಿರಾಕಿಗಳು ಕಡಿಮೆಯಂತೆ.

ಆಮೇಲೆ ಊಟ ತಂದಳು. ಎಳೆಎಳೆಯಾದ ಗೋಧಿಯ ನೂಡಲ್ಸ್, ಮೇಲೆ ಚಹಾ ಬೀಜದ ಎಣ್ಣೆ, ಸಣ್ಣಗೆ ಹೆಚ್ಚಿ ಹುರಿದ ಶುಂಠಿ. ತೈವಾನಿನಲ್ಲಿ ಬಾಣಂತಿಯರಿಗೂ ಕಾಯಿಲೆಯಿಂದ ಎದ್ದವರಿಗೂ ಕೊಡುವ ಊಟ. ಆಗ ನನಗೆ ಉಣಿಸಿದ್ದೂ ಇದನ್ನೇ. ಬೇಯಿಸಿದ ಪಾತ್ರೆಯನ್ನೂ ತಂದು ತೋರಿಸಿದಳು. "ಇದರಲ್ಲಿ ಮಾಂಸ ಹಾಕಿಲ್ಲ ಅಂತ ನಿಮ್ಮ ಅಮ್ಮನಿಗೆ ಹೇಳು. ನನ್ನ ಅಮ್ಮ ಅಮಾವಾಸ್ಯೆ, ಹುಣ್ಣಿಮೆ ದಿನ ಸಸ್ಯಾಹಾರ ಮಾತ್ರ ತಿನ್ನುತ್ತಿದ್ದಳು. ಇದು ಆ ದಿನಗಳ ಪಾತ್ರೆ."

"ನಮ್ಹಂಗ ಅಮಾಸಿ, ಹುಣ್ಣಿಮಿ ನೋಡ್ತಾರ?" ಎಂದು ಅವ್ವ ಸಂತೋಷದಿಂದ ಬಟ್ಟಲು ಎಳೆದುಕೊಂಡಳು. "ಇದು ಶಾವಿಗೀನ ಬಿಡು!"

ನನ್ನ ಕಿವಿಗೆ ಮಾತ್ರ ಆ 'ತಿನ್ನುತ್ತಿದ್ದಳು' ಚುಚ್ಚಿತು. "ಅಮ್ಮ ಹೇಗಿದ್ದಾರೆ?" ಎಂದು ಕೇಳಿದೆ.

"ಹೋದ ವರ್ಷ ಮಾರ್ಚಿನಲ್ಲಿ ಹೋದಳು. ನಾನು ಊರು ಮುಟ್ಟುವಷ್ಟರಲ್ಲಿ ಒಂದು ದಿನ ತಡವಾಗಿತ್ತು."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಬೇಕೆಂದು ಬರೆದು ಅಳಿಸಿದೆ. ನೀನು ಮಾತು ಬಿಟ್ಟು ಬಹಳ ದಿನವಾಗಿತ್ತಲ್ಲ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

"ಏನಂತಾಳ?" ಅವ್ವ ನನ್ನ ತೋಳು ಹಿಡಿದಳು. "ಹೇಳವಾ." ಹೇಳಿದೆ. ನಾನು ಮಾತು ಬಿಟ್ಟದ್ದನ್ನೂ ಹೇಳಿದೆ. ಅವ್ವ ಚಮಚ ಕೆಳಗಿಟ್ಟಳು. "ಊರಿಂದ ಬಂದ ಮ್ಯಾಲೆ ಆಕಿ ಜೋಡಿ ಯಾರಿದ್ರು ಕೇಳು."

"ಯಾರೂ ಇಲ್ಲ," ಎಂದಳು ಶು-ಫೆನ್. "ಬಂದ ಮರುದಿನವೇ ಹೋಟೆಲು ಮತ್ತೆ ತೆರೆದೆ. ನಿಮ್ಮ ಮಗಳಿಗೆ ಹಾಗಾದಾಗ ಹನ್ನೊಂದು ದಿನ ಅವಳ ಕೋಣೆಯ ನೆಲದ ಮೇಲೆ ಮಲಗಿದ್ದೆ. ಯಾರಾದರೂ ಉಸಿರಾಡುವ ಸದ್ದು ಕೇಳಿದರೆ ನಿದ್ದೆ ಬರುತ್ತದೆ ಎಂದು ಅವಳೇ ಹೇಳಿದ್ದಳು. ಅಮ್ಮ ಹೋದಾಗ ನನಗೂ ಹಾಗೇ ಅನಿಸಿತು."

ಇದನ್ನು ನಾನು ಅವ್ವನಿಗೆ ಯಾವತ್ತೂ ಹೇಳಿರಲಿಲ್ಲ. ಕನ್ನಡದಲ್ಲಿ ಹೇಳಲು ಹೋಗಿ ನಡುವೆ ನಿಂತೆ, ಮತ್ತೆ ಶುರು ಮಾಡಿ ಮುಗಿಸಿದೆ. ಅವ್ವ ಎದ್ದು ತಾನು ಕೂತಿದ್ದ ಕುರ್ಚಿಯನ್ನು ಶು-ಫೆನ್ ಕಡೆಗೆ ಸರಿಸಿದಳು. "ಕುಂದ್ರು," ಎಂದಳು. ಕನ್ನಡ ಬಾರದವಳು ಕೂತಳು. ಅವ್ವ ಪಾತ್ರೆಯಿಂದ ನೂಡಲ್ಸ್ ಬಡಿಸಿ, ಶುಂಠಿ ಹಾಕಿ, ಬಟ್ಟಲನ್ನು ಅವಳ ಮುಂದಿಟ್ಟು ಪಕ್ಕದಲ್ಲೇ ನಿಂತಳು. "ಉಣ್ಣವಾ. ಪೂರಾ ಉಣ್ಣಬೇಕು."

ಅಷ್ಟರಲ್ಲಿ ಬಾಗಿಲು ತೆರೆದು ಇಬ್ಬರು ಡಚ್ ಹೆಂಗಸರು ಬಂದರು. ಶು-ಫೆನ್ ಏಳಲು ನೋಡಿದಳು. ಅವ್ವ ಅವಳ ಭುಜ ಒತ್ತಿ ಹಿಡಿದು ನನ್ನತ್ತ ನೋಡಿದಳು: "ಸುಮಾ, ನೀ ಹೋಗು. ಅವರಿಗೆ ಏನು ಬೇಕು ಕೊಡು."

ಸಾಬಕ್ಕಿಯಂಥ ಕರಿ ಗುಳಿಗೆ ಹಾಕುವ ಹಾಲಿನ ಚಹಾ ಬೇಕಂತೆ ಅವರಿಗೆ. ಸಕ್ಕರೆ ಕಡಿಮೆ. ಶು-ಫೆನ್ ಕೂತಲ್ಲಿಂದಲೇ ಡಬ್ಬಿಗಳನ್ನು ತೋರಿಸಿದಳು, ನಾನು ಕಲಸಿದೆ. ಗುಳಿಗೆ ಒಂದರಲ್ಲಿ ಹೆಚ್ಚಾಯಿತು, ಇನ್ನೊಂದರಲ್ಲಿ ಕಡಿಮೆಯಾಯಿತು. ಅವರು ಹಾಗೇ ಕುಡಿದರು. ತಿರುಗಿ ನೋಡಿದರೆ ಶು-ಫೆನ್ ಬಟ್ಟಲಿಗೆ ಬಗ್ಗಿ ಉಣ್ಣುತ್ತಿದ್ದಳು. ಕಣ್ಣೀರು ಒರೆಸಿಕೊಳ್ಳಲೂ ಇಲ್ಲ, ಉಣ್ಣುವುದನ್ನು ನಿಲ್ಲಿಸಲೂ ಇಲ್ಲ.

ಮೂರು ಗಂಟೆಗೆ ಹೊರಟೆವು. ಮುಂದಿನ ಭಾನುವಾರ ಅವಳೇ ಎನ್ಸ್‌ಕೆಡೆಗೆ ಬರುವುದೆಂದು ಮಾತಾಯಿತು. ಅಂದು ಹೋಟೆಲು ಮುಚ್ಚುವ ಚೀಟಿಯನ್ನು ನಮ್ಮೆದುರಿಗೇ ಬಾಗಿಲಿಗೆ ಅಂಟಿಸಿದಳು.

ರೈಲಿನಲ್ಲಿ ಅವ್ವ ಕಿಟಕಿಯ ಪಕ್ಕ, ನಾನು ಅವಳ ಎದುರು ಕೂತೆ. ಆಪಲ್‌ಡೋರ್ನ್ ದಾಟಿದ ಮೇಲೆ ಹೊಲಗಳ ಮೇಲೆ ಬೆಳಕು ಕುಂದತೊಡಗಿತು. ಅಪ್ಪ ಸತ್ತ ದಿನದ ಮಾತು ಬಂದಾಗಲೆಲ್ಲ ನಾನು ನನ್ನ ಪಾಡನ್ನೇ ಹೇಳಿಕೊಂಡಿದ್ದೆ. ಧಾರವಾಡದ ಮನೆಯಲ್ಲಿ ಏನಾಯಿತೆಂದು ಕೇಳಿರಲೇ ಇಲ್ಲ.

"ಅವ್ವಾ," ಎಂದೆ, "ಅಪ್ಪನ್ನ ಮಣ್ಣು ಮಾಡಿ ಎಲ್ಲಾರೂ ಹೋದ ಮ್ಯಾಲೆ, ಆ ರಾತ್ರಿ ನಿನ್ನ ಜೋಡಿ ಯಾರಿದ್ರು?"

ಅವ್ವ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಯಾರು ಬರ್ತಿದ್ರವಾ? ಬರಂಗೇ ಇರಲಿಲ್ಲ. ಬಾಜು ಮನಿಯವರು ಬಾಗಲದಾಗ ಡಬ್ಬಿ ಇಟ್ಟು, ಹೊರಗಿಂದನ ಕೂಗಿ ಹೋದ್ರು. ಝುಣಕ, ರೊಟ್ಟಿ ಇತ್ತು. ಡಬ್ಬಿ ತಗದು ನೋಡಿದೆ..."

ನಾನು ಅವಳ ಎದುರಿನ ಸೀಟಿನಿಂದ ಎದ್ದು ಪಕ್ಕಕ್ಕೆ ಬಂದು ಕೂತೆ. ಅವ್ವ ಸೆರಗು ಸರಿಮಾಡಿಕೊಂಡು ಮೊದಲಿನಿಂದ ಹೇಳತೊಡಗಿದಳು. ಎನ್ಸ್‌ಕೆಡೆ ಬಂದು, ಎಲ್ಲರೂ ಇಳಿದುಹೋದ ಮೇಲೂ ಅವಳ ಮಾತು ಮುಗಿದಿರಲಿಲ್ಲ. ಕೊನೆಯ ನಿಲ್ದಾಣ, ಇಳಿಯಿರೆಂದು ಯಾರೂ ನಮ್ಮನ್ನು ಎಬ್ಬಿಸಲಿಲ್ಲ.