ಖತಿಜಾಬಿಯ ಶಾವಿಗೆ ಮಷೀನು

“ಫಿರದೋಸ್ ನನಕಿಂತ ಆರು ವರ್ಷ ಸಣ್ಣಾಕಿ. ಈ ಮನಿಗೆ ಬಂದಾಗ ಆಕಿಗೆ ರೊಟ್ಟಿ ಬಡಿಯಾಕ ಕಲಿಸಿದಾಕಿ ನಾನು. ಈಗ ಆಕಿ ಅಂಗಳದಾಗ ಶಾವಿಗಿ ಮಷೀನ್ ಗುರ್ ಅಂತೈತಿ. ಹೆಣ್ಮಕ್ಕಳು ರವಾದ ಡಬ್ಬಿ ಹಿಡಕೊಂಡು ಪಾಳಿ ಹಚ್ಚತಾರ. ಆ ಸಪ್ಪಳಾ ನನ್ನ ಎದಿಯೊಳಗ ತಿರಗತೈತಿ, ಸೋಮವ್ವಾ.”

೧೯೯೮ರ ಬೇಸಿಗೆ. ರಾಮದುರ್ಗದ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಖತಿಜಾಬಿ ನೆರೆಮನೆಯ ಸೋಮವ್ವನಿಗೆ ದಿನವೂ ಇದನ್ನೇ ಹೇಳುತ್ತಿದ್ದಳು. ಫಿರದೋಸ್ ಅವಳ ಮೈದುನನ ಹೆಂಡತಿ, ಗೋಡೆಯಾಚೆಗೇ ಮನೆ.

ಫಿರದೋಸಳಿಗೆ ಮಷೀನು ಕೊಡಿಸಿದ್ದು ಜಮಾತಿನ ಕಮಿಟಿ. ಕಮಿಟಿಯವರು ಬಡ್ಡಿ ಮುಟ್ಟುವವರಲ್ಲ. ತಾವೇ ಸಾಮಾನು ಕೊಂಡು ತಂದು ತಮ್ಮ ಕೋಣೆಯಲ್ಲಿ ಇಳಿಸಿ, ಇಷ್ಟಕ್ಕೆ ತಂದೆವು, ಇಷ್ಟು ಲಾಭ ಇಟ್ಟಿದ್ದೇವೆ ಎಂದು ಬಾಯಿಬಿಟ್ಟು ಹೇಳಿ ಕಂತಿನ ಮೇಲೆ ಮಾರುವರು. ಕಂತು ತಡವಾದರೂ ದರ ಏರದು.

ಖತಿಜಾಬಿಗೆ ತಡೆಯಲಾಗಲಿಲ್ಲ. ಯಾರಿಗೂ ಹೇಳದೆ ಬೈಲಹೊಂಗಲಕ್ಕೆ ಹೋಗಿ, ಝುಮಕಿ ಮಾರಿ, ಫಿರದೋಸಳದಕ್ಕಿಂತ ದೊಡ್ಡ ಮಷೀನು ತನ್ನ ಹೆಸರಿಗೇ ಕೊಂಡಳು. ಉಳಿದ ಮುಕ್ಕಾಲು ರೊಕ್ಕ ಎಂಟು ದಿನದಲ್ಲಿ ಕಟ್ಟಬೇಕು, ಇಲ್ಲವಾದರೆ ಕೊಟ್ಟದ್ದೂ ಹೋಯಿತು. ಪಾವತಿ ಚೀಟಿ ಹಿಡಿದು, ಉಳಿದದ್ದನ್ನು ಕಮಿಟಿ ಕಟ್ಟಲಿ ಎಂದು ಹಿರಿಯ ಫಕ್ರುಸಾಬರ ಮುಂದೆ ನಿಂತಳು.

“ನಿನ್ನ ಹೆಸರಿಗೆ ಕೊಂಡಬಿಟ್ಟಿಯಲ್ಲ ಬೇಟಿ! ನಿನ್ನ ಸಾಮಾನು ನಿನಗ ಹೆಂಗ ಮಾರೂಣು? ಈಗ ಬರೇ ರೊಕ್ಕಾ ಕೊಟ್ಟು ಹೆಚ್ಚಿಗಿ ತಗೊಂಡ್ರ ಅದು ಬಡ್ಡಿನ ಆತು.”

“ಫಿರದೋಸಗ ಹಲಾಲು, ನನಗ ಹರಾಮು! ಹೌದಲ್ರಿ ಚಾಚಾ?”

ಸಂಜೆ ಕಟ್ಟೆಯ ಮೇಲೆ ಇದನ್ನು ಕೇಳಿ ಸೋಮವ್ವ ನಕ್ಕಳು. “ನಮ್ಮ ಸೊಸಾಯಿಟಿನ ಚಲೋ ನೋಡವ್ವಾ. ಎಲ್ಲಾರನ್ನೂ ಒಂದ ಬಡ್ಡ್ಯಾಗ ಸುಲಿತಾರ.”

ಏಳನೆಯ ದಿನ, ಸುದ್ದಿ ಕೇಳಿ, ಫಿರದೋಸಳೇ ಬಂದಳು.

“ಭಾಬಿ, ಉಳಿದ ರೊಕ್ಕಾ ನಾ ಹಾಕತೇನಿ. ಸಾಲ ಅಲ್ರಿ, ಪಾಲು. ದುಡಿಯಾವ್ರು ನೀವು, ಅದಕ್ಕ ಲಾಭ ಅರ್ಧಾ ಅರ್ಧಾ. ಲುಕ್ಸಾನಾದ್ರ ಹಾಕಿದಷ್ಟಕ್ಕ ಹೊರೂಣು. ನಂದು ಮೂರು ಪಾಲು, ನಿಮ್ಮದು ಒಂದು.”

“ಮಷೀನ್ ಯಾರ ಅಂಗಳದಾಗ?”

“ನಿಮ್ಮ ಅಂಗಳದಾಗರಿ.”

ಆಗಲೂ ಖತಿಜಾಬಿಗೆ ಸಮಾಧಾನವಿಲ್ಲ. ತಾನು ಬೆವರಿಳಿಸಿ ದುಡಿದದ್ದರಲ್ಲಿ ಅರ್ಧ ಗೋಡೆ ಹಾರಿ ಅವಳ ಮನೆಗೇ ಹೋಗುತ್ತದೆ. ಒಲ್ಲೆನೆಂದರೆ ಝುಮಕಿಯೂ ಇಲ್ಲ, ಮಷೀನೂ ಇಲ್ಲ. ಮುಖ ತಿರುವಿಕೊಂಡೇ “ಹೂಂ” ಅಂದಳು.

ಮರುವಾರ ಮಷೀನು ಬಂದಿಳಿಯಿತು. ಮೊದಲ ದಿನವೇ ಗೋಡೆಯ ಮೇಲಿಂದ ಇಣುಕಿ ಆಚೆಯ ಡಬ್ಬಿಗಳನ್ನು ಎಣಿಸಿದಳು. ಹನ್ನೊಂದು. ತನ್ನ ಕಡೆ ನಾಲ್ಕು. ತುಟಿ ಕಚ್ಚಿ ಕೆಳಗೆ ಕೂತು, ಮೊದಲ ಡಬ್ಬಿಯ ರವಾ ಪರಾತಕ್ಕೆ ಸುರುವಿ, ನೀರು ಚಿಮುಕಿಸಿ ನಾದತೊಡಗಿದಳು.